ಅರ್ಥಕ್ಕೊಂದು ಹೂಂ

ಪ್ರತಿ ಭಾನುವಾರ ಬೆಳಿಗ್ಗೆ, ನಾನು ಎರಡನೆಯ ಲೋಟ ಕಾಫಿಯ ಮುಂದೆ ಕೂತು ಲೋಕದ ಆಗುಹೋಗುಗಳ ಬಗ್ಗೆ ಯಾವ ತೀರ್ಮಾನಕ್ಕೂ ಬಾರದೆ ಇರುವ ಹೊತ್ತಿಗೆ ಸರಿಯಾಗಿ, ನನ್ನ ಫೋನು ಮೇಜಿನ ಮೇಲೆ ಗುರುಗುಟ್ಟಿಕೊಂಡು ಅರ್ಧ ಸುತ್ತು ತಿರುಗಿ 'ಓದು' ಎಂದು ತೋರಿಸುತ್ತದೆ. ಅಷ್ಟೇ, ಒಂದೇ ಪದ. ಐವತ್ತು ದಾಟಿದ ಗಂಡಸನ್ನು ಫೋನು ಹೀಗೆ ಗದರುವುದು ನನ್ನ ಹೆಂಡತಿಗೆ ಬಲು ಪ್ರಿಯವಾದ ದೃಶ್ಯ. "ನಿಮ್ಮಪ್ಪ ಹೇಳಿದಾಗ ಕೇಳಿದ್ರೆ ಈಗ ಅದ್ರ ಕೈಲಿ ಹೇಳಿಸ್ಕೊಳ್ಳೋದು ತಪ್ಪುತ್ತಿತ್ತು" ಎನ್ನುತ್ತಾಳೆ. ನಾನು ಘನತೆಯಿಂದ ಫೋನನ್ನು ಮಗುಚಿ ಇಡುತ್ತೇನೆ.

ಇದನ್ನು ನನ್ನ ಫೋನಿಗೆ ಹಾಕಿಕೊಟ್ಟವನು ಮಾದೇವ. ಹಾಕಿಕೊಟ್ಟವನು ಈಗಿಲ್ಲ. ಹಾಕಿದ್ದು ಇದೆ. ತೆಗೆಯುವುದಕ್ಕೆ ಬೆರಳಿನಿಂದ ಒಂದು ಕಡೆ ಒತ್ತಿದರೆ ಸಾಕು. ಆದರೆ ಅದು ಹೇಗೆಂದು ಗೊತ್ತಿಲ್ಲ ಎಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದೇನೆ. ಈ ಸುಳ್ಳು ನನ್ನ ವೃತ್ತಿಗೆ ಶೋಭೆ ತರುವಂಥದ್ದಲ್ಲ. ಯಾಕೆಂದರೆ ನಾನು ಪ್ರೋಗ್ರಾಮರ್.

ಪ್ರೋಗ್ರಾಮರ್ ಎಂದ ಕೂಡಲೇ ನೀವು ಗಾಜಿನ ಕಟ್ಟಡವನ್ನೂ ಕೊರಳಲ್ಲಿ ತೂಗುವ ಗುರುತಿನ ಚೀಟಿಯನ್ನೂ ಕಲ್ಪಿಸಿಕೊಳ್ಳಬಾರದು. ನಾನು ಇರುವುದು ಹುಣಸೂರಿನಲ್ಲಿ. ಕೆ.ಆರ್. ನಗರದ ಸುತ್ತಿನ ರೈಸ್ ಮಿಲ್ಲುಗಳಿಗೆ ಭತ್ತ ಎಷ್ಟು ಬಂತು, ಅಕ್ಕಿ ಎಷ್ಟು ಹೋಯಿತು, ತೌಡು ಏನಾಯಿತು ಎಂದು ಹೇಳುವ ಪ್ರೋಗ್ರಾಮು ಬರೆದುಕೊಟ್ಟು, ಅದು ತಪ್ಪು ಹೇಳಿದಾಗ ಬಸ್ಸು ಹತ್ತಿ ಹೋಗಿ ಸರಿಮಾಡಿ ಬರುವವನು. ನಾನು ಬರೆಯುವ ಕಂಪ್ಯೂಟರ್ ಭಾಷೆ ಸತ್ತು ಬಹಳ ಕಾಲವಾಯಿತೆಂದು ಹೊಸಬರು ಹೇಳುತ್ತಾರೆ. ಮಿಲ್ಲಿನವರಿಗೆ ಆ ಸುದ್ದಿಯನ್ನು ಯಾರೂ ಮುಟ್ಟಿಸಿಲ್ಲವಾದ್ದರಿಂದ ಅದು ಇನ್ನೂ ಓಡುತ್ತಿದೆ.

ಮಾದೇವ ಸರಗೂರಿನವನು. ನನಗಿಂತ ಏಳೆಂಟು ವರ್ಷಕ್ಕೆ ಚಿಕ್ಕವನು. ಹಳ್ಳಿಯ ಡೈರಿಗಳಲ್ಲಿ ಹಾಲು ಅಳೆದು, ಫ್ಯಾಟು ನೋಡಿ, ಚೀಟಿ ಕೊಡುವ ಯಂತ್ರವಿರುತ್ತದಲ್ಲ, ಅದರೊಳಗಿನ ಸಾಫ್ಟ್‌ವೇರು ಅವನದು. ಬೆಳಗಿನ ಜಾವ ಡೈರಿಯಲ್ಲಿ ಕ್ಯಾನು ಹಿಡಿದು ನಿಂತ ಹೆಂಗಸರೆಲ್ಲ ಅವನ ಗ್ರಾಹಕರು. ಯಂತ್ರ ನಿಂತರೆ ಅವರು ಬೈಯುವುದು ಯಂತ್ರವನ್ನಲ್ಲ, ಮಾದೇವನನ್ನು, ಹೆಸರು ಹಿಡಿದು. "ಅಮೇರಿಕದೋರ ಸಾಫ್ಟ್‌ವೇರ್‌ಗೆ ಈ ಭಾಗ್ಯ ಉಂಟೇನಣ್ಣ?" ಎಂದು ಅವನು ಕೇಳುತ್ತಿದ್ದ.

ಈ ಕಥೆಗೆ ಬೇಕಾದ ಮೂರನೆಯವಳು ಸೌಮ್ಯ. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆಯ ಹುಡುಗಿ. ಯಾವುದೋ ದೂರದ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಲಾಕ್‌ಡೌನಿನಲ್ಲಿ ಊರಿಗೆ ಕಳಿಸಿದ ಕಂಪನಿ ಮತ್ತೆ ಬಾ ಎನ್ನಲಿಲ್ಲ, ಇವಳೂ ನೆನಪಿಸಲಿಲ್ಲ. ಮಾಳಿಗೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಗಲೆಲ್ಲ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಾಳೆಂದು ಅವಳ ಅಜ್ಜಿ ಒಮ್ಮೆ ತಾಯಿತ ಕಟ್ಟಿಸಿದ್ದರಂತೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಜನ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆಂದು ಗೊತ್ತಾದದ್ದೇ ಆ ಲಾಕ್‌ಡೌನಿನಲ್ಲಿ. ಕೂಡಲೇ ವಾಟ್ಸಾಪಿನಲ್ಲಿ ಒಂದು ಗುಂಪು ಹುಟ್ಟಿತು. ಪ್ರೋಗ್ರಾಮರುಗಳ ಗುಂಪೆಂದರೆ ಹೊಸ ಹೊಸ ಲೇಖನಗಳ ಲಿಂಕುಗಳನ್ನು ಒಬ್ಬರ ಮೇಲೊಬ್ಬರು ಎಸೆಯುವುದು. ಸಾಫ್ಟ್‌ವೇರನ್ನು ಹೀಗೆ ಕಟ್ಟಬೇಕು, ಹಾಗೆ ಕಟ್ಟಬಾರದು, ಹೋದ ವರ್ಷ ಹಾಗೆ ಕಟ್ಟಿ ಎಂದದ್ದು ತಪ್ಪು, ಇತ್ಯಾದಿ. 'ಓದಲೇಬೇಕಾದದ್ದು' ಎಂದು ಒಬ್ಬ ಹಾಕುತ್ತಾನೆ, ಮಿಕ್ಕವರು ಹೆಬ್ಬೆರಳು ಎತ್ತುತ್ತಾರೆ. ಓದುವವರು ಯಾರೂ ಇಲ್ಲ. ಹಾಕಿದವನೂ ಓದಿರುವುದಿಲ್ಲ. ಮುಂದೊಂದು ದಿನ ಪುರುಸೊತ್ತಾದಾಗ ಓದೋಣವೆಂದು ನಾನು ಎತ್ತಿಟ್ಟ ಲೇಖನಗಳ ರಾಶಿ ನೋಡಿದರೆ, ನನಗೆ ದೀರ್ಘಾಯುಸ್ಸು ಖಾತ್ರಿಯಾದಂತೆ ಕಾಣುತ್ತದೆ.

ಒಂದು ದಿನ ಹುಣಸೂರಿಗೆ ಬಂದಿದ್ದ ಮಾದೇವನಿಗೆ ಇದನ್ನು ಹೇಳಿ ಕೊರಗುತ್ತ, ಮಾತಿಗೆ ಮಾತು ಸೇರಿ, ನಮ್ಮೂರಿನ ಪುರಾಣ ಓದುವ ಜಗಲಿಯ ವಿಷಯ ಹೇಳಿದೆ.

ನಮ್ಮೂರು ಭೇರ್ಯದ ಹತ್ತಿರ. ಚಿಕ್ಕಂದಿನಲ್ಲಿ ಶ್ರಾವಣ ಬಂತೆಂದರೆ ದೀಪ ಹಚ್ಚಿದ ಮೇಲೆ ಗುಡಿಯ ಜಗಲಿಯಲ್ಲಿ ಓದು. ಒಬ್ಬರು ರಾಗವಾಗಿ ಓದುವರು. ಇನ್ನೊಬ್ಬರು ಅರ್ಥ ಹೇಳುವರು. ನಮ್ಮ ತಾತನಿಗೆ ಓದಲೂ ಬಾರದು, ಅರ್ಥ ಹೇಳಲೂ ಬಾರದು. ಅವನದು ಮೂರನೆಯ ಹುದ್ದೆ: ಹೂಂ ಅನ್ನುವುದು. ನಗಬೇಡಿ, ಅದು ಅಲ್ಲಿ ನಿಜವಾಗಿಯೂ ಹುದ್ದೆಯೇ. ಓದಿಗೆ ಹೂಂ ಇಲ್ಲ, ಅರ್ಥಕ್ಕೆ ಮಾತ್ರ ಹೂಂ. ಅರ್ಥ ಹೇಳಿದವರು ಹೂಂ ಬರುವ ತನಕ ಕಾಯುವರು. ಹೂಂ ಬಂದರೆ ಜನಕ್ಕೆ ಮುಟ್ಟಿತು ಎಂದು ಲೆಕ್ಕ. ಆಗ ಓದುವವರು ಮುಂದಿನ ಪದ್ಯಕ್ಕೆ ಹೋಗಬಹುದು. ಹೂಂ ಬರಲಿಲ್ಲವೆಂದರೆ ದೇವಾಧಿದೇವತೆಗಳೂ ಇದ್ದಲ್ಲೇ ನಿಲ್ಲಬೇಕು. ನಾನು ತಾತನ ತೊಡೆಯ ಮೇಲೆ ಕಂಬಳಿಯೊಳಗೆ ಸೇರಿಕೊಂಡು ಅವನ ಎದೆಗೆ ಒರಗಿರುತ್ತಿದ್ದೆ. ಅವನ ಹೂಂ ಮೊದಲು ನನ್ನ ಬೆನ್ನಿಗೆ ಕೇಳಿ ಆಮೇಲೆ ಕಿವಿಗೆ ಕೇಳುತ್ತಿತ್ತು. ಕಂಬಳಿಯ ವಾಸನೆ, ಬೀಡಿಯ ವಾಸನೆ, ಬೆನ್ನಿನಲ್ಲಿ ಆ ಸಣ್ಣ ನಡುಕ. ನಾನು ಕೇಳಿದ ಪುರಾಣವೆಂದರೆ ಇಷ್ಟೇ.

ಮಾದೇವ ಇದನ್ನು ಕೇಳಿ ಟೀ ಲೋಟ ಕೆಳಗಿಟ್ಟ.

"ಅಣ್ಣ, ಅದ್ನೇ ಮಾಡಾನ ಕಣ್ರಿ."

"ಯಾವುದನ್ನಯ್ಯ?"

"ಒಬ್ರು ಓದಾದು, ಒಬ್ರು ಅರ್ಥ ಯೋಳಾದು. ಒಬ್ಬೊಬ್ರೇ ಓದಿ ಅಂದ್ರೆ ಯಾವ್ ನನ್ ಮಗನೂ ಓದಕ್ಕಿಲ್ಲ. ಕುಂಡ್ರುಸಿ ಓದುದ್ರೆ ತಪ್ಪುಸ್ಕಂಡ್ ಎಲ್ಲಿಗ್ ಓಯ್ತಾರೆ?"

"ನಾನೇನು ಮಾಡಲಿ?"

"ನಿಮ್ಗೆ ವಂಸಪಾರಂಪರ್ಯವಾಗಿ ಒಂದ್ ಕೆಲ್ಸ ಬಂದದಲ್ಲ, ಅದ್ನೇ ಮಾಡಿ. ಹೂಂ ಅನ್ನಿ."

ಹೀಗೆ ಹುಣಸೂರಿನಲ್ಲಿ, ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತಿಕೊಡುವ ಅಂಗಡಿಯ ಮೇಲಿನ ಖಾಲಿ ಕೋಣೆಯಲ್ಲಿ ನಮ್ಮ ಓದು ಮಂಡಳಿ ಸ್ಥಾಪನೆಯಾಯಿತು. ಭಾನುವಾರ ಅಂಗಡಿಗೆ ರಜೆ. ಆದರೆ ವಾರ್ನಿಷಿನ ವಾಸನೆಗೆ ರಜೆ ಇರಲಿಲ್ಲ. ಸೌಮ್ಯ ಓದುವವಳು. ಅವಳ ಇಂಗ್ಲಿಷು ಎಲ್ಲೂ ಎಡವುತ್ತಿರಲಿಲ್ಲ. ಒಂದು ತುಂಡು ಓದಿ ನಿಲ್ಲಿಸುವಳು. ಮಾದೇವ ಗೋಡೆಗೆ ಒರಗಿ, ಕಣ್ಣು ಅರೆ ಮುಚ್ಚಿ, ಅರ್ಥ ಹೇಳುವನು. ನಾನು ಹೂಂ ಅನ್ನುವೆನು. ಸೌಮ್ಯ ಮುಂದಕ್ಕೆ ಹೋಗುವಳು. ಸುತ್ತ ಹತ್ತು ಹನ್ನೆರಡು ಜನ, ಎಚ್.ಡಿ. ಕೋಟೆಯಿಂದ, ಕೆ.ಆರ್. ನಗರದಿಂದ ಬಂದವರು, ಚುರುಮುರಿ ಪೊಟ್ಟಣ ಹಿಡಿದು ಕೂತಿರುವರು.

ಮಾದೇವನ ಅರ್ಥ ಕೇಳಬೇಕಿತ್ತು ನೀವು. ಒಮ್ಮೆ ಒಂದು ದೊಡ್ಡ ಲೇಖನ: ದೊಡ್ಡ ಸಾಫ್ಟ್‌ವೇರನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆದು ಬೇರೆಬೇರೆಯಾಗಿ ಓಡಿಸುವುದು ಸರಿಯೋ ತಪ್ಪೋ ಎಂದು. ಸೌಮ್ಯ ಉಸಿರು ಕಟ್ಟಿ ಓದಿ ನಿಲ್ಲಿಸಿದಳು.

"ಏನಿಲ್ಲ ಕಣ್ರಿ," ಎಂದು ಶುರು ಮಾಡಿದ. ಅವನ ಅರ್ಥ ಯಾವಾಗಲೂ ಹೀಗೇ ಶುರುವಾಗುವುದು. "ಅಣ್ತಮ್ಮಂದ್ರು ಪಾಲಾದಂಗೆ. ಒಂದೇ ಒಲೆ ಇದ್ದಾಗ ಉಪ್ ಬೇಕು ಅಂದ್ರೆ ಕೈ ಚಾಚುದ್ರಾಯ್ತಿತ್ತು. ಈಗ ಅಣ್ಣನ್ ಮನೆಗೋಗಿ ಬಾಗ್ಲು ಬಡೀಬೇಕು. ಅತ್ಗೆ ಒಳ್ಗವ್ಳೋ ಇಲ್ವೋ, ಇದ್ರೂ ಮುಖ ಎಂಗದೋ. ಅವ್ಳು ಬಾಗ್ಲು ತೆಗೀನಿಲ್ಲ ಅಂದ್ರೆ ಇಲ್ಲಿ ಸಾರು ಸಪ್ಪೆ. ಆದ್ರೆ ಒಂದ್ಮಾತು. ಅಣ್ಣನ್ ಮನೆಗ್ ಬೆಂಕಿ ಬಿದ್ರೆ ನಿನ್ ಮನೆ ಉಳೀತದೆ."

ನಾನು ಹೂಂ ಅಂದೆ. ಆ ಲೇಖನ ಬರೆದವನು ಅಲ್ಲಿದ್ದಿದ್ದರೆ ತನ್ನ ಲೇಖನ ತನಗೇ ಈಗ ತಿಳಿಯಿತೆಂದು ಒಪ್ಪಿಕೊಳ್ಳುತ್ತಿದ್ದ ಎಂದು ನನ್ನ ನಂಬಿಕೆ.

ಇನ್ನೊಮ್ಮೆ, ಹಳೆಯ ಕೋಡನ್ನು ಪೂರ್ತಿ ಕೆಡವಿ ಹೊಸದಾಗಿ ಬರೆಯುವುದರ ಅಪಾಯದ ಬಗ್ಗೆ. ಅದಕ್ಕೆ ಮಾದೇವ, ಅವನ ಮಾವ ಹೊಗೆಸೊಪ್ಪು ಬೇಯಿಸುವ ಹಳೇ ಬ್ಯಾರನ್ ಮನೆ ಕೆಡವಿ ಹೊಸದು ಕಟ್ಟಿಸಿದ ಕಥೆ ಹೇಳಿದ. "ಅಳೇದ್ರಲ್ಲಿ ಒಂದ್ ಕಲ್ಲು ಅಡ್ಡಡ್ಡ ಕುಂತಿತ್ತು. ಯಾಕದೆ ಅಂತ ಯಾರ್ಗೂ ಗೊತ್ತಿರ್ನಿಲ್ಲ. ತೆಗುದ್ರು. ಆ ವರ್ಸ ಸೊಪ್ಪು ಒಂದ್ ಮಗ್ಲು ಸೀದು ಒಂದ್ ಮಗ್ಲು ಅಸಿ. ನಮ್ಮಣ್ಣಯ್ಯನ ರೈಸ್ ಮಿಲ್ ಕೋಡ್‌ನಲ್ಲೂ ಅಂಥಾ ಕಲ್ಲು ಏಟವೋ. ಅದ್ಕೇ ಯಾರೂ ಮುಟ್ಟಕ್ಕಿಲ್ಲ."

ಆ ಸಲ ನಾನು ಹೂಂ ಅನ್ನಲು ಸ್ವಲ್ಪ ತಡ ಮಾಡಿದೆ. ಎಲ್ಲರೂ ನನ್ನ ಮುಖ ನೋಡಿ ನಕ್ಕರು. ಮಾದೇವ ಬಿಡಲಿಲ್ಲ. "ಅಣ್ಣಯ್ಯನ ಹೂಂನಲ್ಲಿ ಎಲ್ಡ್ ತರ ಅವೆ ಕಣವ್ವ ಸೌಮ್ಯ. ಒಂದು ತಿಳ್ಕಂಡು ಅನ್ನಾದು, ಇನ್ನೊಂದು ತೂಕಡುಸ್ಕಂಡು ಅನ್ನಾದು. ಎಲ್ಡೂ ಒಂದೇ ರಾಗ. ನೀನು ಕಣ್ಣ ನೋಡ್ಕಂಡೇ ಮುಂದುಕ್ಕೋಗು." ಹೇಳಿ ಅವನೇ ಮೊದಲು ನಗುವನು. ಕೆಳಗೆ ಬೀದಿಯಲ್ಲಿ ಹೋಗುವವರು ತಲೆ ಎತ್ತಿ ನೋಡುವಂಥ ನಗು, ಕೊನೆಯಲ್ಲಿ ಕೆಮ್ಮಿಗೆ ತಿರುಗುವುದು.

ಇಲ್ಲಿ ನಿಮಗೆ ನಮ್ಮಜ್ಜಿಯ ಫೋಟೋ ವಿಷಯ ಹೇಳಬೇಕು. ಯಾಕೆ ಇಲ್ಲಿ ಎಂದು ಕೇಳಬೇಡಿ. ಅದು ನಮ್ಮ ಮನೆಯ ನಡುಗೋಡೆಯ ಮೇಲಿದೆ, ನಾನು ಎತ್ತ ಹೋದರೂ ಎದುರಾಗುತ್ತದೆ.

ಅಜ್ಜಿ ಇಡೀ ಜೀವಮಾನದಲ್ಲಿ ತೆಗೆಸಿಕೊಂಡ ಫೋಟೋ ಅದೊಂದೇ. ಕೆ.ಆರ್. ನಗರದ ಸ್ಟುಡಿಯೋದಲ್ಲಿ. ಎತ್ತಿನ ಗಾಡಿಯಲ್ಲಿ ಹೋಗಿದ್ದೆವು. ಫೋಟೋದವನು ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಕೈಗಳನ್ನು ಮಂಡಿಯ ಮೇಲೆ ಇಡಿಸಿ, ಬಾಯಿ ಮುಚ್ಚಿ, ಅಲ್ಲಾಡಬೇಡಿ, ನಗಬೇಡಿ ಎಂದ. ಎಲೆಯಡಿಕೆ ಉಗಿಸಿದ. ಸೆರಗಿನ ಗಂಟು ಬಿಚ್ಚಿಸಿದ. ನಮ್ಮಜ್ಜಿ ಎಲೆಯಡಿಕೆ ಇಲ್ಲದೆ, ಬೈಯದೆ, ನಗದೆ, ಸೆರಗಿನ ತುದಿಯ ಗಂಟಿನಿಂದ ಏನಾದರೂ ಬಿಚ್ಚಿ ನಮ್ಮ ಬಾಯಿಗೆ ತುರುಕದೆ ಒಂದು ಗಳಿಗೆ ಇದ್ದವಳಲ್ಲ. ಫೋಟೋ ಬಹಳ ಸ್ಪಷ್ಟವಾಗಿ ಬಂದಿದೆ. ಒಂದೊಂದು ಸುಕ್ಕೂ ಕಾಣುತ್ತದೆ. ಮನೆಗೆ ಬಂದವರು ಇವರು ಯಾರು ಎಂದು ಕೇಳಿದಾಗ ನಾವು ಅಜ್ಜಿ ಎನ್ನುತ್ತೇವೆ. ನಮಗೂ ಅದು ಯಾರೋ ತಹಸೀಲ್ದಾರರ ತಾಯಿಯ ಹಾಗೆ ಕಾಣುತ್ತದೆ.

ಇರಲಿ. ಮಾದೇವನ ಕೆಮ್ಮು ಜಾಸ್ತಿಯಾಯಿತು. ದನಿ ಗೊಗ್ಗರಾಯಿತು. ಚುರುಮುರಿಯ ಖಾರ ಎಂದ. ಸರಗೂರಿನ ದೂಳು ಎಂದ. ಕೊನೆಗೆ ಮೈಸೂರಿನ ಡಾಕ್ಟರು ಅದರ ಹೆಸರು ಹೇಳಿದರು. ಗಂಟಲಿನೊಳಗೆ ದನಿ ಹುಟ್ಟುವ ಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯಬಹುದು, ಮಾತು ಉಳಿಯದು ಎಂದರು.

ಇದನ್ನು ಅವನು ನಮಗೆ ಹೇಳಿದ್ದು ಓದಿನ ಕೋಣೆಯಲ್ಲೇ, ಯಂತ್ರ ಕೆಟ್ಟ ಡೈರಿಯೊಂದರ ಸುದ್ದಿ ಹೇಳುವ ಹಾಗೆ. "ಡೈರಿ ಹೆಂಗುಸ್ರು ಬಯ್ದಾಗ ತಿರುಗ್ಸಿ ಬಯ್ಯಕಾಗಕ್ಕಿಲ್ಲ, ಅದೊಂದೇ ಯೇಚ್ನೆ" ಎಂದ. ಯಾರೂ ನಗಲಿಲ್ಲ. ಆಮೇಲೆ ಅವನು ವಾರ್ನಿಷಿನ ಕಲೆ ಬಿದ್ದ ನೆಲ ನೋಡುತ್ತ, ಮೆಲ್ಲಗೆ, "ಅರ್ಥ ಯೋಳಕ್ಕೆ ಬ್ಯಾರೆಯೋರ್ನ ನೋಡ್ಕಬೇಕು ನೀವು" ಎಂದ.

"ಬೇರೆಯವರ್ಯಾರೂ ಇಲ್ಲ, ಮಾದೇವಣ್ಣ," ಎಂದಳು ಸೌಮ್ಯ, ಕೋಪ ಬಂದವಳ ಹಾಗೆ.

ಮುಂದಿನ ಭಾನುವಾರ ಅವಳು ಹೊಸ ಲೇಖನವೊಂದನ್ನು ತಂದಳು. ಮನುಷ್ಯನ ಮಾತನ್ನು ಸ್ವಲ್ಪ ಹೊತ್ತು ರೆಕಾರ್ಡು ಮಾಡಿಕೊಟ್ಟರೆ, ಆಮೇಲೆ ನಾವು ಏನು ಬರೆದುಕೊಟ್ಟರೂ ಅದೇ ದನಿಯಲ್ಲಿ ಹೇಳುವ ಸಾಫ್ಟ್‌ವೇರನ್ನು ತಯಾರಿಸುವುದು ಹೇಗೆ ಎಂದು. ಅವಳು ಓದಿ ನಿಲ್ಲಿಸಿದಳು. ಅರ್ಥ ಹೇಳಬೇಕಾದವನು ಅವನೇ. ನಾವು ಯಾರೂ ಅವನ ಕಡೆ ನೋಡಲಿಲ್ಲ.

"ಏನಿಲ್ಲ ಕಣ್ರಿ," ಎಂದ, ಆ ಸವೆದ ದನಿಯಲ್ಲಿ. "ಬಿತ್ನೆ ರಾಗಿ ಎತ್ತಿಟ್ಕತೀವಲ್ಲ, ಅಂಗೆ. ಈ ವರ್ಸದ ಬೆಳೆ ಕೈ ತಪ್ಪುದ್ರೂ ಬೀಜ ಇದ್ರೆ ಮುಂದುಕ್ಕಾಯ್ತದೆ. ಆದ್ರೆ ಬೀಜ ಅಸನಾಗಿರ್ಬೇಕು. ಜೊಳ್ಳೆಲ್ಲ ತೂರ್ಬುಟ್ಟು ಗಟ್ಟಿಕಾಳು ಮಾತ್ರ ಮಡಿಕಳಿ ಅಂತವ್ನೆ ಬರ್ದಿರೋನು."

ನಾನು ಹೂಂ ಅಂದೆ. ಅದು ತೂಕಡಿಸಿ ಅಂದದ್ದಲ್ಲ.

ರೆಕಾರ್ಡು ಮಾಡುವ ದಿನ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದ.

"ಏನಯ್ಯ, ಹೆಣ್ಣು ನೋಡೋಕೆ ಹೊರಟ ಹಾಗಿದೆ? ರೆಕಾರ್ಡ್ ಆಗೋದು ದನಿ ಮಾತ್ರ."

"ದನಿ ಎಲ್ಲೋಗಿ ಕುಂತ್ಕತದೋ ಏನೋ. ಮರ್ವಾದಸ್ತನಂಗೆ ಇರ್ಲಿ ಅಂತ, ಅಣ್ಣ."

ಕಿಟಕಿ ಮುಚ್ಚಿದೆವು. ಫ್ಯಾನು ನಿಲ್ಲಿಸಿದೆವು. ಲೇಖನದಲ್ಲಿ ಹೇಳಿದ ಹಾಗೆ ಎಲ್ಲ ಅಕ್ಷರಗಳೂ ಬರುವಂಥ ಶುದ್ಧ ವಾಕ್ಯಗಳನ್ನು ನಾವೆಲ್ಲ ಸೇರಿ ಮೊದಲೇ ಮಾಡಿಟ್ಟಿದ್ದೆವು. ಅವನೂ ಹಟ ಹಿಡಿದಿದ್ದ: ಮುಂದೆ ನಿಲ್ಲುವಂಥದ್ದು, ಹಳ್ಳಿ ಗಮಾರನ ಹಾಗೆ ಇರಬಾರದು ಎಂದು. ಬೆವರು ಒರೆಸಿಕೊಳ್ಳುತ್ತ, ಶಾಲೆಯಲ್ಲಿ ಸ್ವಾತಂತ್ರ್ಯ ದಿನಾಚರಣೆಗೆ ಭಾಷಣ ಮಾಡುವ ಹುಡುಗನಂತೆ ನೆಟ್ಟಗೆ ನಿಂತು ಓದಿದ. "ಸೂರ್ಯನು ಪೂರ್ವ ದಿಕ್ಕಿನಲ್ಲಿ ಉದಯಿಸುತ್ತಾನೆ. ಹಸುವು ನಮಗೆ ಹಾಲನ್ನು ಕೊಡುತ್ತದೆ. ಫ್ಯಾಟ್ ಏಟು ಅಂತ ಬರ್ದಿಲ್ವಲ್ಲವ್ವ ಇಲ್ಲಿ?"

"ಮಾದೇವಣ್ಣ, ಮಧ್ಯೆ ಮಾತಾಡ್ಬೇಡಿ. ಕಟ್ ಮಾಡಬೇಕಾಗುತ್ತೆ."

"ಆಯ್ತು ಕಣವ್ವ. ಕಟ್ ಮಾಡ್ಬುಡು."

ಅವಳು ಕಟ್ ಮಾಡಿದಳು. ಕೆಮ್ಮು ಬಂದಲ್ಲಿ ಕೆಮ್ಮು ಕಟ್, ನಗು ಬಂದಲ್ಲಿ ನಗು ಕಟ್. ಕಣ್ರಿ, ಕಣವ್ವ, ಥೂ ಇದರ, ಲೇ ಕಿಟಕಿ ಹಾಕ್ಲಾ ಎಂಬುದೆಲ್ಲ ಕಟ್. ನಾವು ಸುತ್ತ ಕೂತು ಎಲ್ಲಿ ಇನ್ನೂ ಗದ್ದಲವಿದೆ ಎಂದು ಕಿವಿಗೊಟ್ಟು ಹುಡುಕಿಕೊಟ್ಟೆವು. ಗೊಗ್ಗರನ್ನೂ ಸಾಫ್ಟ್‌ವೇರಿನಿಂದ ಉಜ್ಜಿ ತೆಗೆದ ಮೇಲೆ ಕೊನೆಗೆ ಉಳಿದದ್ದು ಕನ್ನಡಿಯಂಥ ದನಿ. ಅದನ್ನು ನಮ್ಮ ಕುಲಧರ್ಮದ ಪ್ರಕಾರ ಹಲವು ಕಡೆ ಬ್ಯಾಕಪ್ ಮಾಡಿದೆವು. ಕತ್ತರಿಸಿ ಬಿದ್ದ ಚೂರುಗಳು ಸುಮ್ಮನೆ ಜಾಗ ತಿನ್ನುತ್ತವೆಂದು ಅಳಿಸಿಬಿಟ್ಟೆವು. ನಮ್ಮವರು ಕಸ ಉಳಿಸುವವರಲ್ಲ.

ಆಪರೇಷನ್ನು ಆಯಿತು. ಒಂದು ಭಾನುವಾರ ಅವನು ಕುತ್ತಿಗೆಗೆ ಟವಲು ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದ. ಸೊರಗಿದ್ದ. ಎಲ್ಲರೂ ಎದ್ದು ನಿಂತೆವು. ಕೈಯಾಡಿಸಿ ಕೂರಿ ಎಂದ. ತನ್ನ ಗೋಡೆಗೆ ಒರಗಿದ. ಸೌಮ್ಯ ಅವನ ಫೋನಿಗೆ ಆ ಸಾಫ್ಟ್‌ವೇರು ಹಾಕಿಕೊಟ್ಟು, ಲೇಖನ ತೆಗೆದು, ಒಂದು ತುಂಡು ಓದಿ ನಿಲ್ಲಿಸಿದಳು. ಮಾದೇವ ಫೋನಿನ ಮೇಲೆ ಬೆರಳಾಡಿಸಿ, ಬಹಳ ಹೊತ್ತು ಟೈಪು ಮಾಡಿ, ಒತ್ತಿದ.

ದನಿ ಬಂತು. ಅವನದೇ ದನಿ. ಸುಳ್ಳಲ್ಲ.

"ಏನಿಲ್ಲ ಕಣ್ರಿ," ಎಂದಿತು ಅದು, ಸಮಾರಂಭದ ಕೊನೆಯಲ್ಲಿ ವಂದನಾರ್ಪಣೆ ಮಾಡುವವರ ಹಾಗೆ ಒಂದೊಂದು ಅಕ್ಷರವನ್ನೂ ತೊಳೆದು ಇಟ್ಟು. "ಸೊಸೆ ಬಂದ ಮನೇಲಿ ಅತ್ತೆ ಸುಮ್ನಿದ್ರೆ ಆಯ್ತದಾ ಅಂದಂಗೆ." ಮಾತೆಲ್ಲ ಅವನದೇ, ಅಕ್ಷರಕ್ಕಕ್ಷರ ಅವನೇ ಬರೆದದ್ದು. ಆದರೆ ಅದನ್ನು ಹೇಳುತ್ತಿದ್ದುದು ಇಸ್ತ್ರಿ ಅಂಗಿ ಹಾಕಿ ನೆಟ್ಟಗೆ ನಿಂತವನು. ಅವನಿಗೆ ಸೊಸೆಯೂ ಗೊತ್ತಿಲ್ಲ, ಅತ್ತೆಯೂ ಗೊತ್ತಿಲ್ಲ, ನಾವು ಯಾರೆಂದೂ ಗೊತ್ತಿಲ್ಲ.

ಒಬ್ಬ ಹುಡುಗ ಪುಸಕ್ಕನೆ ನಕ್ಕ. ಆಮೇಲೆ ಎಲ್ಲರೂ ನಕ್ಕೆವು. ಮಾದೇವನೂ ನಕ್ಕ. ಭುಜ ಕುಣಿಯಿತು, ಕಣ್ಣಲ್ಲಿ ನೀರು ಬಂತು, ಬಾಯಿ ಅಗಲವಾಗಿ ತೆರೆಯಿತು, ಸದ್ದು ಮಾತ್ರ ಇರಲಿಲ್ಲ. ಅದನ್ನು ನೋಡಿ ನಮ್ಮ ನಗು ಒಂದೊಂದಾಗಿ ನಿಂತುಹೋಯಿತು. ನನಗೆ ಹೂಂ ಅನ್ನುವುದು ಮರೆತೇ ಹೋಯಿತು. ಮರೆತೆನೋ, ಬರಲಿಲ್ಲವೋ.

ಅವನು ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಮತ್ತೆ ಅದನ್ನು ಓದಿನ ಕೋಣೆಯಲ್ಲಿ ತೆಗೆಯಲಿಲ್ಲ.

ಬದಲಿಗೆ ಅವನು ಬರಿಯ ತುಟಿಯಲ್ಲಿ ಅರ್ಥ ಹೇಳತೊಡಗಿದ. ತುಟಿ, ಹುಬ್ಬು, ಕೈ. ಎದುರು ಕೂತ ಸೌಮ್ಯ ಅದನ್ನು ನೋಡಿ ನೋಡಿ ನಮಗೆ ಹೇಳುವಳು. ಮೊದಮೊದಲು ಅವಳು ತನ್ನ ಕಂಪನಿ ಕನ್ನಡದಲ್ಲಿ, "ಮಾದೇವಣ್ಣ ಏನ್ ಹೇಳ್ತಿದ್ದಾರೆ ಅಂದ್ರೆ, ಬೇಸಿಕಲಿ" ಎಂದು ಶುರುಮಾಡುವಳು. ಅವನು ಹಣೆ ಚಚ್ಚಿಕೊಂಡು ಕೈಯಾಡಿಸುವನು. ಮತ್ತೆ ತುಟಿ. ಮತ್ತೆ ಅವಳು. ಬರಬರುತ್ತ 'ಬೇಸಿಕಲಿ' ಉದುರಿಹೋಯಿತು. "ಅಂಗಲ್ಲ ಕಣ್ರಿ" ಎನ್ನುವುದು ಅವಳ ಬಾಯಿಗೆ ಬಂತು. ಮಾಳಿಗೆಯಲ್ಲಿ ಇಂಗ್ಲಿಷು ಮಾತಾಡುವ ಹುಡುಗಿ ಅಡುಗೆಮನೆಯಲ್ಲಿ ತನ್ನ ಹಾಗೆ ಮಾತಾಡತೊಡಗಿದ್ದನ್ನು ಕಂಡು ಅಜ್ಜಿ ತಾಯಿತ ಕೊನೆಗೂ ಕೆಲಸ ಮಾಡಿತೆಂದು ಹೇಳಿದರಂತೆ. ಅವಳು ಹೇಳಿ ಮುಗಿಸಿದ ಮೇಲೆ ಮಾದೇವ ನನ್ನ ಕಡೆ ತಿರುಗಿ ನೋಡುವನು. ನಾನು ಹೂಂ ಅನ್ನುವೆನು. ಅವನು ಸರಿ ಎಂದು ತಲೆಯಾಡಿಸುವನು.

ಅಷ್ಟರಲ್ಲಿ ಜನ ಕಡಿಮೆಯಾಗಿದ್ದರು. ಜಗಳವೇನಿಲ್ಲ. ಈಗ ಎಂಥ ಉದ್ದದ ಲೇಖನವನ್ನು ಕೊಟ್ಟರೂ ಕಂಪ್ಯೂಟರೇ ನಾಲ್ಕು ಸಾಲಿನಲ್ಲಿ ಸಾರಾಂಶ ಹೇಳುತ್ತದೆ. ಅದಕ್ಕಾಗಿ ಭಾನುವಾರ ಹುಣಸೂರಿಗೆ ಬಸ್ಸು ಹತ್ತುವುದೇಕೆ? ಒಬ್ಬ ಇದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದ. ಮಾದೇವನ ತುಟಿ ಅಲ್ಲಾಡಿತು. ಸೌಮ್ಯ ದನಿಕೊಟ್ಟಳು: "ಸಾರಾಂಸ ಯೋಳ್ತದೆ ಸರಿ. ಯಾಕ್ಲಾ ಮಕ ಬಾಡದೆ, ಉಂಡಿಲ್ವಾ ಅಂತ ಕೇಳ್ತದಾ?" ಹುಡುಗ ನಾಚಿಕೊಂಡ. ಮುಂದಿನ ವಾರ ಅವನೂ ಬರಲಿಲ್ಲ.

ಕಾಯಿಲೆ ಮತ್ತೆ ಬಂತು. ಈ ಸಲ ತೆಗೆಯಲು ಏನೂ ಉಳಿದಿರಲಿಲ್ಲ.

ಅವನು ಹೋದ ಮೇಲೆ, ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ, ಸೌಮ್ಯ ಮತ್ತು ನಾನು ಸರಗೂರಿಗೆ ಹೋದೆವು. ಅವಳ ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ. ಆ ದನಿಯನ್ನು ಮಾದೇವನ ಹೆಂಡತಿ ಮಂಗಳಮ್ಮನಿಗೆ ಕೊಡಬೇಕು ಎಂಬುದು ಅವಳ ಆಸೆ. ಮನೆಯಲ್ಲಿ ಅವನು ಚೀಟಿ ಬರೆದು, ಕೈಸನ್ನೆ ಮಾಡಿ ಸಂಸಾರ ನಡೆಸಿದ್ದ. ಅಲ್ಲಿ ಆ ಸಾಫ್ಟ್‌ವೇರನ್ನು ಒಮ್ಮೆಯೂ ಮಾತಾಡಿಸಿರಲಿಲ್ಲವಂತೆ. "ಅಕ್ಕನಿಗೆ ಇದು ಇರೋದೇ ಗೊತ್ತಿಲ್ಲ ಸರ್. ನಮ್ಮ ಹತ್ರ ಇಟ್ಕೊಂಡು ಏನು ಮಾಡೋದು?" ಎಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲೆ ಮಗುವಿನ ಹಾಗೆ ಹಿಡಿದುಕೊಂಡಿದ್ದಳು.

ಮಂಗಳಮ್ಮ ಕಾಫಿ ಕೊಟ್ಟರು. ಡೈರಿಯ ಹೆಂಗಸರು ದಿನಾ ಬಂದು ಹೋಗುತ್ತಾರೆ ಎಂದರು. ಸೌಮ್ಯ ಲ್ಯಾಪ್‌ಟಾಪು ತೆರೆದು, ಏನೂ ವಿವರಿಸದೆ, ವಿವರಿಸಿದರೆ ಅತ್ತುಬಿಡುತ್ತೇನೆಂದು ಹೆದರಿಯೋ ಏನೋ, ಒತ್ತಿದಳು.

"ಸೂರ್ಯನು ಪೂರ್ವ ದಿಕ್ಕಿನಲ್ಲಿ ಉದಯಿಸುತ್ತಾನೆ. ಹಸುವು ನಮಗೆ ಹಾಲನ್ನು ಕೊಡುತ್ತದೆ."

ಮಂಗಳಮ್ಮ ಮರ್ಯಾದೆಯಿಂದ ಪೂರ್ತಿ ಕೇಳಿದರು.

"ಯಾರವ್ವ ಇವ್ರು?" ಎಂದರು. "ದನಿ ನಮ್ಮೋರ ಕಡ್ಯೋರ ದನಿ ಇದ್ದಂಗದೆ. ಅವರ ದೊಡ್ಡಪ್ಪನ ಮಗ ಒಬ್ರು ಬ್ಯಾಂಕಲ್ಲವ್ರೆ. ಅವ್ರೂ ಇಂಗೇ ಬೋ ಚೆಂದಾಗಿ ಮಾತಾಡ್ತಾರೆ."

ಸೌಮ್ಯ ನನ್ನ ಮುಖ ನೋಡಿದಳು. ನಾನು ಕಾಫಿ ಲೋಟ ನೋಡಿದೆ. "ಹೌದಕ್ಕ," ಎಂದಳು ಅವಳು, "ಅವರ ಕಡೆಯವರೇ." ಲ್ಯಾಪ್‌ಟಾಪು ಮುಚ್ಚಿದಳು.

ಹೊರಡುವ ಹೊತ್ತಿಗೆ ಮಂಗಳಮ್ಮ ತಾವೇ ಫೋನು ತಂದರು. "ನನ್ತವೂ ಒಂದದೆ. ಕೇಳ್ತೀರಾ?" ಹಳೆಯದೊಂದು ವಾಟ್ಸಾಪ್ ದನಿ. ಆಪರೇಷನ್ನಿಗೆ ಮುಂಚಿನ ಯಾವುದೋ ಸಂಜೆಯದು. ಒತ್ತಿದರು. ಬಸ್ಸಿನ ಎಂಜಿನ್ನು ಭೋರ್ಗರೆಯಿತು. ಯಾರೋ ಕಂಡಕ್ಟರು ಸರಗೂರ್ ಸರಗೂರ್ ಎಂದು ಕೂಗಿದ. ಆ ಗಲಾಟೆಯ ಅಡಿಯಿಂದ, ಅರ್ಧ ಕೇಳಿಸಿ ಅರ್ಧ ಕೇಳಿಸದೆ, "ಏ ಮಂಗಳಾ, ಹ್ಯಾಂಡ್‌ಪೋಸ್ಟ್‌ತವಿವ್ನಿ ಕಣಮ್ಮಿ. ಬಸ್ಸು ರಸ್ಸು. ಒಂದ್ ಕಾಲಲ್ ನಿಂತಿವ್ನಿ, ಇನ್ನೊಂದು ಯಾರ್ದು ಅಂತ ಗೊತ್ತಿಲ್ಲ. ನೀ ಉಂಡ್ಬುಡು. ಕಾಯ್ಬ್ಯಾಡ." ಆಮೇಲೆ ಆ ನಗು. ಕೊನೆಯಲ್ಲಿ ಕೆಮ್ಮು. ಅಲ್ಲಿಗೆ ನಿಂತಿತು.

ಅಂಗಳದಲ್ಲಿ ಕೋಳಿಯೊಂದು ಏನನ್ನೋ ಕೆದಕುತ್ತಿತ್ತು.

ಸೌಮ್ಯ ಕಣ್ಣೊರೆಸಿಕೊಂಡು, ಪಾಪ, ತಾನು ಬಲ್ಲ ಉಪಕಾರ ಮಾಡಲು ಹೋದಳು. "ಅಕ್ಕ, ಬಸ್ಸಿನ ಸದ್ದೆಲ್ಲ ತೆಗೆದು ಕೊಡ್ಲಾ? ಅಣ್ಣನ ದನಿ ಒಂದೇ ಸ್ಪಷ್ಟವಾಗಿ ಕೇಳ್ಸುತ್ತೆ."

ಮಂಗಳಮ್ಮ ಫೋನನ್ನು ಸೆರಗಿನೊಳಗೆ ಎಳೆದುಕೊಂಡರು.

"ಬ್ಯಾಡ ಕಣವ್ವ," ಎಂದರು. "ಬಸ್ಸ ತೆಗುದ್ಬುಟ್ರೆ ಅವ್ರು ಯಾವುದ್ರಲ್ ಬರಾದು?"

ವಾಪಸು ಬರುವಾಗ ಅದೇ ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಯಲ್ಲಿ ನಮ್ಮ ಬಸ್ಸು ಬಹಳ ಹೊತ್ತು ನಿಂತಿತ್ತು. ಎಂಜಿನ್ನು ಭೋರ್ಗರೆಯುತ್ತಲೇ ಇತ್ತು. ಯಾರು ಯಾರೋ ಯಾರಿಗೋ ಫೋನಿನಲ್ಲಿ ಕೂಗಿ ಹೇಳುತ್ತಿದ್ದರು. ಸೌಮ್ಯ ಕಿಟಕಿಯ ಕಡೆ ತಿರುಗಿ ಕೂತಿದ್ದಳು.

ಆ ಭಾನುವಾರ ಫೋನು ಎಂದಿನಂತೆ ಗುರುಗುಟ್ಟಿ 'ಓದು' ಎಂದಿತು. ನಾನು ಮಗುಚಿ ಇಟ್ಟೆ. ಆಮೇಲೆ ಎದ್ದು ಅಂಗಿ ಹಾಕಿಕೊಂಡು ಹೋದೆ.

ಕೋಣೆಯಲ್ಲಿ ಸೌಮ್ಯ ಒಬ್ಬಳೇ ಇದ್ದಳು. ಕಿಟಕಿ ತೆಗೆದಿದ್ದಳು. ಫ್ಯಾನು ಕಿರುಗುಟ್ಟುತ್ತಿತ್ತು. ನಾನು ನನ್ನ ಜಾಗದಲ್ಲಿ ಕೂತೆ. ಎದುರಿನ ಗೋಡೆಯ ಮೇಲೆ, ಒರಗಿ ಒರಗಿ ಎಣ್ಣೆ ಹತ್ತಿದ ಒಂದು ತಲೆಯ ಗುರುತು. ಅವಳು ಯಾವುದೋ ಹೊಸ ಲೇಖನ ತೆಗೆದು ಓದಿದಳು. ಯಾವುದರ ಬಗ್ಗೆ ಎಂದು ಕೇಳಿದರೆ ಹೇಳಲಾರೆ. ಒಂದು ತುಂಡು ಮುಗಿಸಿ, ಅಭ್ಯಾಸದಂತೆ ನಿಲ್ಲಿಸಿ, ತಲೆ ಎತ್ತದೆ ಕಾದಳು.

ಕೆಳಗೆ ಬೀದಿಯಲ್ಲಿ ಒಂದು ಬಸ್ಸು ಹೋಯಿತು. ಅದು ಪೂರ್ತಿ ಹೋಗುವ ತನಕ ನಾವಿಬ್ಬರೂ ಕೇಳಿದೆವು.

ನಾನು ಹೂಂ ಅಂದೆ.

ಅವಳು ಮುಂದಕ್ಕೆ ಓದಿದಳು.